ಸಂತಚರಿತೆಯಲ್ಲಿ ದೋಷದ ಸ್ಥಾನ

೧

ರೋಮನ್ ಕಥೋಲಿಕ ಸಂಪ್ರದಾಯದಲ್ಲಿ ವೃತ್ತಿಗಳಿಗೂ ಊರುಗಳಿಗೂ ವ್ಯಾಧಿಗಳಿಗೂ ಪಾಲಕ ಸಂತರಿದ್ದಾರೆ. ಮೀನುಗಾರರಿಗೆ ಪೇತ್ರನು, ಭಾಷಾಂತರಕಾರರಿಗೂ ಗ್ರಂಥಪಾಲಕರಿಗೂ ಜೆರೋಮನು, ಮುದ್ರಕರಿಗೂ ಧರ್ಮಶಾಸ್ತ್ರಜ್ಞರಿಗೂ ಅಗಸ್ಟೀನನು, ರೋಗಿಗಳಿಗೂ ದಾದಿಯರಿಗೂ ಕಮಿಲ್ಲಸ್ ದೆ ಲೆಲ್ಲಿಸನು ಪಾಲಕರೆಂದು ಎಣಿಸಲ್ಪಟ್ಟಿದ್ದಾರೆ. ಪಾಲಕ ಸಂತನ ಕಾರ್ಯ ಎರಡು ಬಗೆಯದು. ದೇವರ ಸನ್ನಿಧಿಯಲ್ಲಿ ಆಶ್ರಿತರ ಪರವಾಗಿ ಬಿನ್ನವಿಸುವುದು ಒಂದು. ತನ್ನ ಬದುಕನ್ನು ಅವರ ಮುಂದೆ ಮೇಲ್ಪಂಕ್ತಿಯಾಗಿ ಇರಿಸುವುದು ಇನ್ನೊಂದು. ಮೊದಲನೆಯದು ಶ್ರದ್ಧೆಗೆ ಸೇರಿದ ವಿಷಯ. ಅದನ್ನು ಇಲ್ಲಿ ಚರ್ಚೆಗೆ ಎತ್ತಿಕೊಂಡಿಲ್ಲ. ಎರಡನೆಯದಾದರೋ ಚರಿತ್ರೆ ಸಾಹಿತ್ಯಗಳೆರಡಕ್ಕೂ ಸೇರಿದ್ದು. ಶರಣರ ಚರಿತೆಗಳನ್ನು ಓದಿ ಬಲ್ಲ ನಮ್ಮ ವಾಚಕರಿಗೆ ಸಂತಚರಿತೆಯೆಂಬ ಸಾಹಿತ್ಯಪ್ರಕಾರವೇನೂ ಅಪರಿಚಿತವಲ್ಲ.

ಆದರೆ ಮೇಲೆ ಹೆಸರಿಸಿದ ನಾಲ್ವರಲ್ಲಿ ಒಬ್ಬನೂ ನಿರ್ದೋಷಿಯಲ್ಲ. ಪೇತ್ರನು ಭಯದಿಂದ ತನ್ನ ಗುರುವನ್ನು ಮೂರು ಸಲ ಅರಿಯೆನೆಂದವನು. ಜೆರೋಮನು ಅಸಾಧಾರಣ ವಿದ್ವಾಂಸನಾಗಿದ್ದಂತೆಯೇ ಅಸಾಧಾರಣ ಮುಂಗೋಪಿ. ಅಗಸ್ಟೀನನು ತನ್ನ ಯೌವನದ ತಪ್ಪುಗಳನ್ನು ತಾನೇ ಬರೆದಿಟ್ಟಿದ್ದಾನೆ. ಕಮಿಲ್ಲಸನು ಜೂಜಿನಲ್ಲಿ ಮೈಮೇಲಿನ ಅಂಗಿಯವರೆಗೆ ಸೋತ ಸಿಪಾಯಿ. ಇಂಥವರ ಬದುಕು ಇತರರಿಗೆ ಸ್ಫೂರ್ತಿಯಾಗುವುದು ಹೇಗೆಂಬುದು ಸಹಜವಾದ ಪ್ರಶ್ನೆ.

ಇದಕ್ಕೆ ರೂಢಿಯಲ್ಲಿರುವ ಉತ್ತರ ಸುಲಭವಾಗಿದೆ: ಅವರು ದೋಷವನ್ನು ಗೆದ್ದರು, ಆದುದರಿಂದ ನಾವೂ ಗೆಲ್ಲಬಹುದು. ಪ್ರವಚನಗಳಲ್ಲಿಯೂ ಮಕ್ಕಳ ಪಾಠಗಳಲ್ಲಿಯೂ ಈ ಉತ್ತರವನ್ನೇ ಕಾಣುತ್ತೇವೆ. ಆದರೆ ಆಧಾರಗಳು ಹೇರಳವಾಗಿ ಉಳಿದುಬಂದಿರುವ ಸಂತರ ವಿಷಯದಲ್ಲಿ ಈ ಉತ್ತರ ನಿಲ್ಲುವುದಿಲ್ಲವೆಂದೂ, ದೋಷವನ್ನು ಮರೆಮಾಡದೆ, ಒಂದು ದಿನಾಂಕಕ್ಕೆ ಮುಗಿದುಹೋಯಿತೆಂದೂ ಹೇಳದೆ, ಬದುಕಿನ ಉದ್ದಕ್ಕೂ ಇದ್ದಂತೆ ತೋರಿಸುವ ಚರಿತೆಯೇ ಓದುಗನಿಗೆ ನಿಜವಾಗಿ ಉಪಕಾರ ಮಾಡುತ್ತದೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಸಂತಚರಿತಕಾರರು ದೋಷವನ್ನು ನಿರ್ವಹಿಸುವ ಕ್ರಮದಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ದೋಷವನ್ನು ಮರೆಸಿಬಿಡುವುದು ಮೊದಲನೆಯದು. ಅದನ್ನು ಪರಿವರ್ತನೆಯ ಹಿಂದಿನ ಭಾಗಕ್ಕೆ ಮಾತ್ರ ಸೀಮಿತಗೊಳಿಸುವುದು ಎರಡನೆಯದು. ಇದ್ದ ಕಡೆ ಇದ್ದ ಹಾಗೆಯೇ ಬಿಡುವುದು ಮೂರನೆಯದು.

ಮೊದಲ ಬಗೆಗೆ ಹದಿಮೂರನೆಯ ಶತಮಾನದಲ್ಲಿ ಯಾಕೋಬಸ್ ದೆ ವೊರಾಜಿನೆ ಸಂಗ್ರಹಿಸಿದ 'ಸುವರ್ಣ ಕಥಾಮಾಲೆ'ಯ ಜೆರೋಮನು ಒಳ್ಳೆಯ ಉದಾಹರಣೆ. ಅಲ್ಲಿ ಮಠದ ಬಾಗಿಲಿಗೆ ಕುಂಟುತ್ತ ಬಂದ ಸಿಂಹವೊಂದರ ಪಾದಕ್ಕೆ ಜೆರೋಮನು ಶುಶ್ರೂಷೆ ಮಾಡಿಸುತ್ತಾನೆ; ಅದು ಸಾಧುವಾಗಿ ಮಠದ ಕತ್ತೆಯನ್ನು ಕಾಯುತ್ತದೆ. ಈ ಕಥೆ ಮೂಲತಃ ಜೋರ್ಡಾನ್ ನದಿಯ ಬಳಿಯಿದ್ದ ಗೆರಾಸಿಮಸನೆಂಬ ಬೇರೊಬ್ಬ ತಪಸ್ವಿಗೆ ಸೇರಿದ್ದು. ಹೆಸರಿನ ಸಾಮ್ಯದಿಂದ ಜೆರೋಮನಿಗೆ ಬಂದು ಅಂಟಿಕೊಂಡಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮುಂದೆ ಯೂರೋಪಿನ ಚಿತ್ರಕಾರರೆಲ್ಲರೂ ಜೆರೋಮನ ಪಕ್ಕದಲ್ಲಿ ಈ ಸಿಂಹವನ್ನು ಮಲಗಿಸಿದರು. ಪಳಗಿದ ಮೃಗ ಚಿತ್ರದಲ್ಲಿ ಉಳಿಯಿತು. ಪಳಗದ ಮನುಷ್ಯನು ಮಾತ್ರ ಆತನ ಪತ್ರಗಳಲ್ಲಿಯೇ ಉಳಿದನು.

ಎರಡನೆಯ ಬಗೆಗೆ ಕಮಿಲ್ಲಸನ ಜನಪ್ರಿಯ ಚರಿತೆಗಳನ್ನು ನೋಡಬಹುದು. ೧೫೫೦ರಲ್ಲಿ ಇಟಲಿಯ ಬುಕ್ಕಿಯಾನಿಕೊ ಎಂಬಲ್ಲಿ ಹುಟ್ಟಿದ ಈತನು ತಂದೆಯಂತೆಯೇ ಸಿಪಾಯಿಯಾದನು. ಕಾಲಿನಲ್ಲಿ ಎದ್ದ ವ್ರಣದ ಚಿಕಿತ್ಸೆಗಾಗಿ ರೋಮಿನ ಸಂತ ಯಾಕೋಬನ ಆಸ್ಪತ್ರೆಯನ್ನು ಸೇರಿ, ಅಲ್ಲಿಯೇ ಸೇವಕನಾಗಿ ನಿಂತನು. ಇಸ್ಪೀಟಿನ ಹುಚ್ಚಿಗೂ ಜಗಳಗಂಟಿತನಕ್ಕೂ ಆಸ್ಪತ್ರೆಯವರು ಅವನನ್ನು ಹೊರಹಾಕಿದರು. ೧೫೭೪ರಲ್ಲಿ ನೇಪಲ್ಸಿನಲ್ಲಿ ಸರ್ವಸ್ವವನ್ನೂ ಸೋತು ಭಿಕ್ಷೆಗೆ ನಿಂತನು. ೧೫೭೫ರ ಫೆಬ್ರವರಿಯಲ್ಲಿ, ಕಪುಚಿನ್ ಸಂನ್ಯಾಸಿಗಳ ಬಳಿ ಕೂಲಿಮಾಡುತ್ತಿದ್ದಾಗ, ಮನಃಪರಿವರ್ತನೆ ಹೊಂದಿದನು. ಮುಂದೆ ರೋಗಿಗಳ ಸೇವೆಗೆಂದೇ ಒಂದು ಸಂಘವನ್ನು ಕಟ್ಟಿದನು; ೧೫೮೬ರಲ್ಲಿ ಅದಕ್ಕೆ ಪೋಪರ ಅನುಮೋದನೆ ದೊರೆಯಿತು. ೧೬೧೪ರಲ್ಲಿ ಮರಣಹೊಂದಿದ ಈತನನ್ನು ೧೭೪೬ರಲ್ಲಿ ಸಂತನೆಂದೂ, ೧೮೮೬ರಲ್ಲಿ ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕನೆಂದೂ ಘೋಷಿಸಲಾಯಿತು.

ಜನಪ್ರಿಯ ಚರಿತೆಗಳು ಈ ಬದುಕನ್ನು ೧೫೭೫ರಲ್ಲಿ ಗೆರೆಯೆಳೆದು ಎರಡು ಹೋಳು ಮಾಡುತ್ತವೆ: ಆಚೆಗೆ ಜೂಜುಕೋರ, ಈಚೆಗೆ ಸಂತ. ಜೂಜಿನ ಮಟ್ಟಿಗೆ ಇದು ಸರಿಯಾಗಿಯೇ ಇರಬಹುದು. ಆದರೆ ಈ ವಿಭಾಗದಿಂದ ಬದುಕಿನ ಮುಖ್ಯವಾದ ಸಂಬಂಧವೊಂದು ಕಡಿದುಹೋಗುತ್ತದೆ. ಆತನ ಕಾಲಿನ ವ್ರಣ ಪರಿವರ್ತನೆಯಾದ ಮೇಲೆ ಮಾಯಲಿಲ್ಲ, ಸಾಯುವವರೆಗೂ ಉಳಿಯಿತು. ಅದರಿಂದಾಗಿಯೇ ಕಪುಚಿನ್ನರು ಆತನನ್ನು ತಮ್ಮ ಸಂಘದಲ್ಲಿ ಉಳಿಸಿಕೊಳ್ಳಲಿಲ್ಲ; ಅದರಿಂದಾಗಿಯೇ ಆತನು ತಿರುಗಿ ತಿರುಗಿ ಆಸ್ಪತ್ರೆಗೆ ಬರಬೇಕಾಯಿತು. ಕೂಲಿಯ ಸೇವಕರು ರೋಗಿಗಳನ್ನು ಅಲಕ್ಷಿಸುವುದನ್ನು ಕಂಡು ಆತನು ಸಂಘವನ್ನು ಯೋಚಿಸಿದನೆಂದು ಚರಿತಕಾರರು ಹೇಳುತ್ತಾರೆ. ಆದರೆ ಕೆಟ್ಟ ಸೇವಕನೆಂದರೆ ಯಾರೆಂಬುದು ಆತನಿಗೆ ಸ್ವಾನುಭವದಿಂದ ತಿಳಿದಿತ್ತೆಂಬುದನ್ನು ಒತ್ತಿ ಹೇಳುವವರು ವಿರಳ. ಹಳೆಯ ಕಮಿಲ್ಲಸನು ಹೊಸ ಕಮಿಲ್ಲಸನಿಗೆ ಪಾಠ ಹೇಳಿದನೆಂದು ಊಹಿಸುವುದು ಅಸಂಗತವಲ್ಲ. ಹಳೆಯವನನ್ನು ಹೂತುಬಿಟ್ಟರೆ ಹೊಸಬನ ಕೆಲಸಕ್ಕೆ ಕಾರಣವೇ ತೋರದು.

೩

ಈ ಪ್ರಶ್ನೆ ಆಧುನಿಕ ವಿಮರ್ಶಕರು ಹುಟ್ಟಿಸಿದ್ದಲ್ಲ. ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿಯೇ ಅದು ಸ್ಪಷ್ಟವಾಗಿ ಏರ್ಪಟ್ಟಿತು. ವಾದಿ ಪ್ರತಿವಾದಿಗಳು ಅಗಸ್ಟೀನ ಮತ್ತು ಜೆರೋಮರೇ. ವಿವಾದದ ವಿಷಯ ಪೇತ್ರನ ದೋಷ.

ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಪ್ರಸಂಗವೊಂದಿದೆ. ಪೇತ್ರನು ಅಲ್ಲಿ ಅನ್ಯಜನಾಂಗದ ಕ್ರೈಸ್ತರೊಡನೆ ಸಹಪಂಕ್ತಿಯಲ್ಲಿ ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ ಯಾಕೋಬನ ಕಡೆಯ ಕೆಲವರು ಬಂದೊಡನೆ ಅವರಿಗೆ ಅಂಜಿ ಪಂಕ್ತಿಯಿಂದ ಹಿಂದೆಗೆದನು. ಪೌಲನು ಎಲ್ಲರೆದುರಿಗೆ ಆತನನ್ನು ಖಂಡಿಸಿದನು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ತಪ್ಪು ನಡೆದದ್ದು ಪೇತ್ರನು ಸಭೆಯ ಮುಖಂಡನಾದ ಬಳಿಕ. ಮೂರು ಸಲ ಗುರುವನ್ನು ಅರಿಯೆನೆಂದ ರಾತ್ರಿಯಲ್ಲಿ ಯಾವ ಭಯವಿತ್ತೋ, ನೋಡುವವರು ಏನೆಂದಾರೆಂಬ ಆ ಭಯವೇ ವರ್ಷಗಳ ಮೇಲೆ ಅಂತಿಯೋಕ್ಯದಲ್ಲಿ ಮತ್ತೆ ತಲೆಯೆತ್ತಿತು. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಗೆ ಅಪೊಸ್ತಲರಲ್ಲಿ ಅಗ್ರಗಣ್ಯನೂ ಹೊರತಾಗಿರಲಿಲ್ಲ.

ಕ್ರೈಸ್ತಧರ್ಮದ ಪ್ರಬಲ ವಿರೋಧಿಯಾಗಿದ್ದ ಪೋರ್ಫಿರಿಯೆಂಬ ತತ್ತ್ವಜ್ಞಾನಿ ಈ ಪ್ರಸಂಗವನ್ನು ಹಿಡಿದು ಅಪೊಸ್ತಲರನ್ನು ಹಾಸ್ಯಮಾಡಿದ್ದನು. ಆತನಿಗೆ ಉತ್ತರವಾಗಿ ಜೆರೋಮನು, ಹಿಂದಿನ ಒರಿಜೆನನ ಜಾಡನ್ನು ಹಿಡಿದು, ಗಲಾತ್ಯಪತ್ರದ ವ್ಯಾಖ್ಯಾನದಲ್ಲಿ ಒಂದು ಸಮಾಧಾನವನ್ನು ಹೇಳಿದನು: ಪೇತ್ರನು ನಿಜವಾಗಿ ತಪ್ಪಲಿಲ್ಲ, ಪೌಲನು ನಿಜವಾಗಿ ಖಂಡಿಸಲಿಲ್ಲ, ಎರಡು ಪಕ್ಷದವರಿಗೂ ಬುದ್ಧಿ ಬರಲೆಂದು ಇಬ್ಬರೂ ಕೂಡಿ ಹೂಡಿದ ನಾಟಕವದು. ವೈರಿಯ ನಗೆಗೆ ಹೆದರಿ ನಮ್ಮವರ ದೋಷವನ್ನು ಲೀಲೆಯೆಂದು ವಿವರಿಸುವ ಕ್ರಮ ಎಷ್ಟು ಹಳೆಯದೆಂಬುದು ಇದರಿಂದ ಗೊತ್ತಾಗುತ್ತದೆ.

ಅಗಸ್ಟೀನನು ಇದನ್ನು ಒಪ್ಪಲಿಲ್ಲ. ಆಫ್ರಿಕದ ಹಿಪ್ಪೊ ನಗರದಲ್ಲಿ ಇನ್ನೂ ಸಾಮಾನ್ಯ ಗುರುವಾಗಿದ್ದಾಗ, ಸುಮಾರು ೩೯೪-೯೫ರಲ್ಲಿ, ಬೆತ್ಲೆಹೇಮಿನ ಜೆರೋಮನಿಗೆ ಮೊದಲ ಪತ್ರವನ್ನು ಬರೆದನು. ಅದನ್ನು ಒಯ್ಯಬೇಕಾಗಿದ್ದವನು ನಡುವೆ ಬಿಷಪ್ಪನಾಗಿ ಬಹುಬೇಗ ತೀರಿಕೊಂಡುದರಿಂದ ಪತ್ರ ಮುಟ್ಟಲಿಲ್ಲ. ಸುಮಾರು ೩೯೭ರ ಎರಡನೆಯ ಪತ್ರ ಮುಟ್ಟಬೇಕಾದವನನ್ನು ಮುಟ್ಟುವ ಮೊದಲೇ ಇಟಲಿಯಲ್ಲಿ ಕೈಯಿಂದ ಕೈಗೆ ಹರಿದಾಡಿತು. ಕಿರಿಯನೊಬ್ಬನು ಹೆಸರು ಗಳಿಸಲೆಂದು ತನ್ನನ್ನು ಕೆಣಕುತ್ತಿದ್ದಾನೆಂದು ಜೆರೋಮನು ಕನಲಿದುದರಲ್ಲಿ ಆಶ್ಚರ್ಯವಿಲ್ಲ. ಆತನ ವಿಸ್ತಾರವಾದ ಉತ್ತರ ೪೦೪ರಲ್ಲಿ ಬಂದಿತು. ಅದಕ್ಕೆ ಅಗಸ್ಟೀನನ ಪ್ರತ್ಯುತ್ತರ ೪೦೫ರಲ್ಲಿ ಹೋಯಿತು.

ಅಗಸ್ಟೀನನ ವಾದದ ಸಾರ ಇಷ್ಟು. ಪೇತ್ರನು ಸರಿಯಾದ ದಾರಿಯಲ್ಲಿ ನಡೆಯಲಿಲ್ಲವೆಂದು ಪೌಲನು ಬರೆದಿದ್ದಾನೆ. ಬರೆಯುತ್ತಿರುವುದು ಸುಳ್ಳಲ್ಲವೆಂದು ಅದೇ ಪತ್ರದಲ್ಲಿ ದೇವರ ಸಾಕ್ಷಿಯಾಗಿ ಹೇಳಿದ್ದಾನೆ. ಅದು ನಾಟಕವೆಂದಾದರೆ ಗ್ರಂಥದಲ್ಲಿ ಸದುದ್ದೇಶದ ಸುಳ್ಳಿಗೆ ಒಮ್ಮೆ ಎಡೆಕೊಟ್ಟಂತಾಯಿತು. ಬಳಿಕ ಯಾವ ವಾಕ್ಯವನ್ನು ನಂಬುವುದು, ಯಾವುದನ್ನು ಬಿಡುವುದು? ಆದುದರಿಂದ ಪೇತ್ರನು ತಪ್ಪಿದನೆಂದು ಒಪ್ಪುವುದೇ ಲೇಸು. ಇಷ್ಟಕ್ಕೆ ನಿಲ್ಲದೆ ಆತನು ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ. ಹಿರಿಯನನ್ನು ಎದುರಿಸಿ ಸತ್ಯವನ್ನಾಡಿದ ಪೌಲನ ಧೈರ್ಯ ಮೆಚ್ಚತಕ್ಕದ್ದೇ. ಆದರೆ ತನಗಿಂತ ಕಿರಿಯನು ಸಭೆಯಲ್ಲಿ ತಿದ್ದಿದಾಗ ಅದನ್ನು ತಾಳಿಕೊಂಡ ಪೇತ್ರನು ಮುಂದಿನವರಿಗೆ ಅದಕ್ಕಿಂತಲೂ ಅಪರೂಪವಾದ, ಅದಕ್ಕಿಂತಲೂ ಪವಿತ್ರವಾದ ಮೇಲ್ಪಂಕ್ತಿಯನ್ನು ಹಾಕಿದನು.

ಈ ವಾದದಲ್ಲಿ ಎರಡು ತತ್ತ್ವಗಳು ಅಡಗಿವೆ. ಆಧಾರವನ್ನು ಅದು ಹೇಳುವಂತೆಯೇ ಓದಬೇಕೆಂಬುದು ಮೊದಲನೆಯದು. ಇದು ಚರಿತ್ರಕಾರನ ನಿಯಮ. ಎರಡನೆಯದು ನೀತಿಗೆ ಸಂಬಂಧಿಸಿದ್ದು. ಪೇತ್ರನ ತಪ್ಪನ್ನು ಅಳಿಸಿದರೆ ಅದರ ಜೊತೆಯಲ್ಲಿಯೇ ಆತನ ತಾಳ್ಮೆಯೂ ಅಳಿಸಿಹೋಗುತ್ತದೆ. ನಾಟಕದಲ್ಲಿ ಬೈಸಿಕೊಂಡವನಿಗೆ ವಿನಯದ ಅಗತ್ಯವೇನಿದೆ? ದೋಷವನ್ನು ಮರೆಸುವ ಚರಿತಕಾರನು ಸಂತನಿಗೆ ಗೌರವ ಸಲ್ಲಿಸುತ್ತಿದ್ದೇನೆಂದು ಭಾವಿಸುತ್ತಾನೆ; ವಾಸ್ತವವಾಗಿ ಆತನ ಒಂದು ಗುಣವನ್ನೇ ಕಸಿದುಕೊಳ್ಳುತ್ತಾನೆ.

೪

ಹೀಗೆ ವಾದಿಸಿದ ಅಗಸ್ಟೀನನು ತನ್ನ ಚರಿತೆಗೆ ಇದೇ ನಿಯಮವನ್ನು ಅನ್ವಯಿಸಿಕೊಂಡನೆ? 'ಕನ್ಫೆಷನ್ಸ್' ಎಂಬ ಆತ್ಮನಿವೇದನೆಯ ಹದಿಮೂರು ಭಾಗಗಳಲ್ಲಿ ಇದಕ್ಕೆ ಉತ್ತರವಿದೆ. ಸಾಮಾನ್ಯ ವಾಚಕರ ನೆನಪಿನಲ್ಲಿ ಉಳಿಯುವುದು ಎರಡನೆಯ ಭಾಗದ ಪೇರುಹಣ್ಣಿನ ಕಳವು ಮತ್ತು ಎಂಟನೆಯ ಭಾಗದಲ್ಲಿ, ೩೮೬ರಲ್ಲಿ ಮಿಲಾನಿನ ತೋಟದಲ್ಲಿ ನಡೆದ ಮನಃಪರಿವರ್ತನೆ. ಗ್ರಂಥ ಅಲ್ಲಿಗೇ ನಿಂತಿದ್ದರೆ ಅದೂ ಎರಡು ಹೋಳಿನ ಚರಿತೆಯೇ ಆಗುತ್ತಿತ್ತು. ಆದರೆ ಹತ್ತನೆಯ ಭಾಗದಲ್ಲಿ ಆತನು, ದೀಕ್ಷಾಸ್ನಾನವಾಗಿ ಹತ್ತು ವರ್ಷಗಳ ಮೇಲೆ, ಬಿಷಪ್ಪನ ಪೀಠದಲ್ಲಿ ಕುಳಿತು, ತಾನು ಈಗ ಎಂಥವನೆಂಬುದನ್ನು ಬರೆಯುತ್ತಾನೆ. ಕನಸಿನಲ್ಲಿ ಹಳೆಯ ಆಸೆಗಳು ಬರುತ್ತವೆ. ಊಟದಲ್ಲಿ ಹಸಿವೆಲ್ಲಿ ಮುಗಿಯಿತು, ರುಚಿಯೆಲ್ಲಿ ತೊಡಗಿತೆಂದು ತಿಳಿಯುವುದಿಲ್ಲ. ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಮನಸ್ಸು ಪ್ರಾರ್ಥನೆಯಿಂದ ಜಾರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹೊಗಳಿಕೆ ಇನ್ನೂ ಹಿತವಾಗುತ್ತದೆ. ವಿಮರ್ಶೆಯ ದೃಷ್ಟಿಯಿಂದ ಈ ಭಾಗವೇ ಗ್ರಂಥದ ಹೃದಯವೆಂದು ಹೇಳಬಹುದಾಗಿದೆ. ಪರಿವರ್ತನೆಯೆಂಬುದು ದೋಷದ ಕೊನೆಯಲ್ಲ, ದೋಷವನ್ನು ಎಣಿಸತೊಡಗುವ ಮೊದಲ ದಿನವೆಂಬುದು ಇಲ್ಲಿ ವಿಶದವಾಗುತ್ತದೆ.

ಆದರೆ ತಪ್ಪೊಪ್ಪಿಕೊಳ್ಳುವುದರಲ್ಲಿ ಇಷ್ಟು ಕುಶಲನಾದವನಿಗೂ ಕಾಣದ ತಪ್ಪುಗಳಿದ್ದವೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಕೂಡದು. ಹತ್ತು ವರ್ಷಕ್ಕೂ ಮಿಕ್ಕಿ ತನ್ನೊಡನೆ ಬಾಳಿ, ತನಗೆ ಮಗನನ್ನು ಹೆತ್ತವಳನ್ನು, ಅನುಕೂಲವಾದ ಮದುವೆಯೊಂದಕ್ಕಾಗಿ, ಆತನು ಆಫ್ರಿಕಕ್ಕೆ ಹಿಂದಿರುಗಿಸಿದನು. ಆ ಅಗಲಿಕೆಯಲ್ಲಿ ತನ್ನ ಎದೆ ಬಿರಿದುದನ್ನು ಬರೆಯುತ್ತಾನೆ. ತನ್ನ ಕಾಮವನ್ನು ನಿಂದಿಸಿಕೊಳ್ಳುತ್ತಾನೆ. ಅವಳ ಹೆಸರನ್ನು ಹೇಳುವುದಿಲ್ಲ. ಇನ್ನೊಂದು ವಿಷಯ ಇದಕ್ಕಿಂತ ವ್ಯಾಪಕವಾದದ್ದು. ಆಫ್ರಿಕದ ದೊನಾತಿಸ್ಟ್ ಪಂಥದವರನ್ನು ಮಾತಿನಿಂದಲೇ ಗೆಲ್ಲಬೇಕು, ಬಲಾತ್ಕಾರ ಕೂಡದೆಂಬ ಅಭಿಪ್ರಾಯ ಆತನಿಗೆ ಮೊದಲು ಇತ್ತು. ೪೦೮ರ ಸುಮಾರಿಗೆ ಬರೆದ ಪತ್ರದಲ್ಲಿ ರಾಜಶಾಸನದ ಒತ್ತಾಯವನ್ನು ಸಮರ್ಥಿಸಿದನು. ಮುಪ್ಪಿನಲ್ಲಿ, ೪೨೬-೨೭ರಲ್ಲಿ, ತನ್ನ ೯೩ ಕೃತಿಗಳನ್ನು ಮರಳಿ ಓದಿ ತಪ್ಪುಗಳನ್ನು ತಿದ್ದಿದ ಗ್ರಂಥವೊಂದನ್ನು ರಚಿಸಿದನು. ಇಂಥ ಗ್ರಂಥ ಪ್ರಾಚೀನ ಸಾಹಿತ್ಯದಲ್ಲಿ ಅತ್ಯಂತ ವಿರಳ. ಆದರೆ ಅಲ್ಲಿ ಆತನು ತಿದ್ದಿದ್ದು ಬಲಾತ್ಕಾರದ ಸಮರ್ಥನೆಯನ್ನಲ್ಲ. ಬಲಾತ್ಕಾರ ಬೇಡವೆಂದಿದ್ದ ಹಳೆಯ ಮಾತನ್ನೇ. ಮುಂದಿನ ಶತಮಾನಗಳಲ್ಲಿ ಮತಭೇದವನ್ನು ದಂಡದಿಂದ ಅಡಗಿಸಬಯಸಿದವರು ಆತನ ವಾದವನ್ನು ಆಧಾರವಾಗಿ ಉದಾಹರಿಸಿದರು. ಆತ್ಮವಿಮರ್ಶೆ ದೊಡ್ಡ ಗುಣವೇ ಸರಿ. ಅದು ಯಾವಾಗಲೂ ಸರಿಯಾದ ದಿಕ್ಕಿಗೇ ಒಯ್ಯುತ್ತದೆಂಬ ಭರವಸೆಯಿಲ್ಲ.

ಜೆರೋಮನ ವಿಷಯ ಇನ್ನೂ ಕಠಿನ. ಆತನ ದೋಷ ಪರಿವರ್ತನೆಗೆ ಮುಂಚಿನದೆಂದು ಯಾರೂ ವಾದಿಸಲಾರರು. ಅದು ವಯಸ್ಸಿನೊಡನೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ೩೮೪ರಲ್ಲಿ ರೋಮಿನಲ್ಲಿ ಆತನ ಶಿಷ್ಯೆ ಪೌಲಾಳ ಮಗಳು, ಇಪ್ಪತ್ತರ ಹರೆಯದ ವಿಧವೆ ಬ್ಲೆಸಿಲ್ಲಾ, ಕಠಿನ ವ್ರತಗಳನ್ನು ಕೈಕೊಂಡು ಕೆಲವೇ ತಿಂಗಳಲ್ಲಿ ತೀರಿಕೊಂಡಳು. ತಾಯಿಯ ಅಳಲು ಮಿತಿಮೀರಿತೆಂದು ಜೆರೋಮನು ಅವಳಿಗೆ ಬರೆದ ಪತ್ರ ಉಳಿದಿದೆ. ಅದು ಓದಲು ಕಷ್ಟವಾದ ಬರೆಹ. ಸಾಂತ್ವನಕ್ಕಿಂತ ಗದರಿಕೆಯೇ ಅದರಲ್ಲಿ ಹೆಚ್ಚು. ಆದರೂ ಆತನು ಎರಡು ಸಂಗತಿಗಳನ್ನು ಬಚ್ಚಿಡಲಿಲ್ಲ. ತಾನೂ ಅಳುತ್ತಲೇ ಬರೆಯುತ್ತಿರುವುದಾಗಿ ಹೇಳುತ್ತಾನೆ. ಹುಡುಗಿ ಉಪವಾಸದಿಂದ ಸತ್ತಳು, ಈ ಸಂನ್ಯಾಸಿಗಳನ್ನು ಊರಿನಿಂದ ಓಡಿಸಬಾರದೇಕೆ ಎಂದು ಶವಯಾತ್ರೆಯಲ್ಲಿ ಜನ ಗೊಣಗಿದುದನ್ನೂ ದಾಖಲಿಸುತ್ತಾನೆ. ಆತನ ಮೇಲಿನ ಆರೋಪ ನಮಗೆ ತಿಳಿದಿರುವುದು ಆತನ ಲೇಖನಿಯಿಂದಲೇ. ಪೋಪ್ ದಾಮಸಸನ ಮರಣದ ತರುವಾಯ, ೩೮೫ರಲ್ಲಿ, ಆತನು ರೋಮನ್ನು ಬಿಡಬೇಕಾಯಿತು.

ಬಾಲ್ಯಸ್ನೇಹಿತ ರುಫೀನಸನೊಡನೆ ಒರಿಜೆನನ ಗ್ರಂಥಗಳ ವಿಚಾರವಾಗಿ ಹುಟ್ಟಿದ ಜಗಳವಂತೂ ಸಾವಿನಿಂದಲೂ ಮುಗಿಯಲಿಲ್ಲ. ಇಂಥ ಗೆಳೆಯರು ಹೀಗಾದರಲ್ಲ ಎಂದು ಅಗಸ್ಟೀನನು ಪತ್ರದಲ್ಲಿ ಮರುಗಿದನು. ಸುಮಾರು ೪೧೧ರಲ್ಲಿ ರುಫೀನಸನು ಸಿಸಿಲಿಯಲ್ಲಿ ತೀರಿಕೊಂಡಾಗ ಜೆರೋಮನು ಯೆಹೆಜ್ಕೇಲನ ವ್ಯಾಖ್ಯಾನದ ಮುನ್ನುಡಿಯಲ್ಲಿ, ಹೆಸರೆತ್ತದೆ, ಚೇಳೊಂದು ಆ ದ್ವೀಪದ ಮಣ್ಣಿನಡಿ ಸೇರಿತೆಂದು ಬರೆದನು. ಎದೆಯ ಮೇಲೆ ಕಲ್ಲಿನಿಂದ ಹೊಡೆದುಕೊಳ್ಳುವ ಜೆರೋಮನ ಚಿತ್ರವನ್ನು ಕಂಡು, ಆ ಕಲ್ಲಿಲ್ಲದಿದ್ದರೆ ನೀನು ಸಂತನಾಗುತ್ತಿರಲಿಲ್ಲವೆಂದು ಪೋಪ್ ಐದನೆಯ ಸಿಕ್ಸ್ಟಸನು ನುಡಿದನೆಂಬ ಐತಿಹ್ಯ ಪ್ರಚಾರದಲ್ಲಿದೆ. ಐತಿಹ್ಯ ನಿಜವಿರಲಿ ಇಲ್ಲದಿರಲಿ, ಅದು ಸುವರ್ಣ ಕಥಾಮಾಲೆಯ ಸಿಂಹಕ್ಕಿಂತ ಆತನ ಸ್ವಭಾವಕ್ಕೆ ಹತ್ತಿರವಾಗಿದೆ.

೫

ಹಾಗಾದರೆ ಭಾಷಾಂತರಕಾರನು ಜೆರೋಮನಿಂದ ಕಲಿಯತಕ್ಕದ್ದೇನು? ಕೋಪವನ್ನಂತೂ ಅಲ್ಲ. ವಿದ್ವತ್ತಿದ್ದರೆ ದೋಷಕ್ಕೆ ಕ್ಷಮೆಯುಂಟೆಂಬ ನೀತಿಯೂ ಸಲ್ಲದು. ಬ್ಲೆಸಿಲ್ಲಾಳ ತಾಯಿಗೂ ರುಫೀನಸನಿಗೂ ಆ ದೋಷದಿಂದ ಆದ ನೋವು ಲ್ಯಾಟಿನ್ ಬೈಬಲಿನಿಂದ ಪರಿಹಾರವಾಗದು. ಕಲಿಯಬಹುದಾದದ್ದು ಪೇತ್ರನ ವಿವಾದದ ಕೊನೆಯಲ್ಲಿದೆ.

೪೦೫ರ ಅಗಸ್ಟೀನನ ಪತ್ರಕ್ಕೆ ಜೆರೋಮನು ನೇರವಾದ ಖಂಡನೆಯನ್ನು ಬರೆಯಲಿಲ್ಲ, ಸೋತೆನೆಂದೂ ಹೇಳಲಿಲ್ಲ. ಹತ್ತು ವರ್ಷಗಳು ಕಳೆದುವು. ೪೧೫ರಲ್ಲಿ ಪೆಲಾಜಿಯಸನ ಅನುಯಾಯಿಗಳ ವಿರುದ್ಧ ಸಂವಾದರೂಪದ ಗ್ರಂಥವೊಂದನ್ನು ರಚಿಸಿದನು. ಮನುಷ್ಯನು ಇಚ್ಛಿಸಿದರೆ ಪಾಪರಹಿತನಾಗಿ ಬಾಳಬಹುದೆಂಬ ಮತವನ್ನು ನಿರಾಕರಿಸುವುದು ಅದರ ಉದ್ದೇಶ. ಅಲ್ಲಿ, ಯಾರೂ ನಿರ್ದೋಷಿಗಳಲ್ಲವೆಂಬುದಕ್ಕೆ ನಿದರ್ಶನವಾಗಿ, ಪೇತ್ರನೇ ಖಂಡನೆಗೆ ಅರ್ಹನಾಗಿದ್ದನೆಂಬುದನ್ನು ಜೆರೋಮನು ಬಳಸಿಕೊಂಡನು. ಮೂವತ್ತು ವರ್ಷಗಳ ಹಿಂದೆ ತಾನೇ ಹೇಳಿದ್ದ ನಾಟಕದ ವಾದ ಅಲ್ಲಿ ಕಾಣುವುದಿಲ್ಲ. ಅಗಸ್ಟೀನನು ಇದನ್ನು ಗಮನಿಸಿ, ಆ ಹಿರಿಯನು ಈಗ ಬೇರೆ ಅಭಿಪ್ರಾಯಕ್ಕೆ ಬಂದಿದ್ದಾನೆಂದು ಓಷಿಯಾನಸನೆಂಬವನಿಗೆ ಪತ್ರದಲ್ಲಿ ತಿಳಿಸಿದನು. ಅದರಲ್ಲಿ ಗೆದ್ದವನ ಜಂಬವಿಲ್ಲ.

ಕಿರಿಯನು ತಿದ್ದಿದುದನ್ನು ತಾಳಿಕೊಳ್ಳುವುದೇ ಅಪರೂಪದ ಗುಣವೆಂದು ಅಗಸ್ಟೀನನು ಪೇತ್ರನ ವಿಷಯದಲ್ಲಿ ಹೇಳಿದ್ದ ಮಾತು ಹೀಗೆ ಜೆರೋಮನ ವಿಷಯದಲ್ಲಿಯೂ ಅಷ್ಟಿಷ್ಟು ನಿಜವಾಯಿತು. ಪೇತ್ರನಂತೆ ಸಭೆಯಲ್ಲಿ ಅಲ್ಲ; ತಡವಾಗಿ, ಮೌನವಾಗಿ, ತನ್ನ ಬಿಗುಮಾನವನ್ನು ಉಳಿಸಿಕೊಂಡು. ಕೋಪ ಹೋಗಿರಲಿಲ್ಲ; ಅದೇ ಗ್ರಂಥದಲ್ಲಿ ವಿರೋಧಿಗಳ ಮೇಲಿನ ಚುಚ್ಚುಮಾತಿಗೆ ಕೊರತೆಯಿಲ್ಲ. ಆದರೂ ಮುಂಗೋಪಿಯಾದ ಮುದುಕನೊಬ್ಬನು ಎಪ್ಪತ್ತರ ಸುಮಾರಿನಲ್ಲಿ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡನು. ಸಂಪೂರ್ಣ ವಿಜಯದ ಕಥೆಯಾಗಿದ್ದರೆ ಇದನ್ನು ಓದಿ ನಾವು ಕೈಮುಗಿದು ಮುಂದೆ ಸಾಗುತ್ತಿದ್ದೆವು. ಇದು ಅಲ್ಪವಾದ, ಅರ್ಧದ ವಿಜಯವಾದುದರಿಂದ ಇದನ್ನು ಅನುಸರಿಸುವುದು ಸಾಧ್ಯ.

ನಮ್ಮ ತರಗತಿಗಳಲ್ಲಿ ಮಹಾಪುರುಷರ ಚರಿತ್ರೆಗಳನ್ನು ಬೋಧಿಸುವಾಗ ಈ ವಿವಾದವನ್ನು ನೆನೆಯುವುದು ಒಳ್ಳೆಯದು. ದೋಷವನ್ನು ಮರೆಸಿ ಹೇಳಿದರೆ, ಮುಂದೊಂದು ದಿನ ಆಧಾರಗಳನ್ನು ತಾನೇ ಓದುವ ವಿದ್ಯಾರ್ಥಿ ನಮ್ಮನ್ನೂ ನಂಬನು, ಆ ಮಹಾಪುರುಷನನ್ನೂ ನಂಬನು. ದೋಷ ಒಂದೇ ದಿನದಲ್ಲಿ ಬಿಟ್ಟುಹೋಯಿತೆಂದು ಹೇಳಿದರೆ, ತನ್ನ ದೋಷ ಹಾಗೆ ಬಿಡದಿರುವುದನ್ನು ಕಂಡು ಅವನು ಧೈರ್ಯಗುಂದುತ್ತಾನೆ. ಯಾರ ಮೇಲೆ ಆ ದೋಷದ ಭಾರ ಬಿದ್ದಿತೋ ಅವರ ಹೆಸರನ್ನು, ಹೆಸರು ತಿಳಿಯದಿದ್ದರೆ ಅವರಿದ್ದರೆಂಬುದನ್ನಾದರೂ, ಪಾಠದಲ್ಲಿ ಉಳಿಸುವುದು ಅಧ್ಯಾಪಕನ ಕರ್ತವ್ಯ. ಇಷ್ಟನ್ನೂ ಹೇಳಿದ ಮೇಲೂ ಪೇತ್ರ, ಜೆರೋಮ, ಅಗಸ್ಟೀನ, ಕಮಿಲ್ಲಸರಲ್ಲಿ ಗೌರವಾರ್ಹವಾದದ್ದು ಬಹಳ ಉಳಿಯುತ್ತದೆ. ಹಾಗೆ ಉಳಿಯುವುದನ್ನೇ ವಿದ್ಯಾರ್ಥಿಗಳ ಮುಂದಿಡತಕ್ಕದ್ದು.